ಮೊಟ್ಟೆ ತಿನ್ನೋ ಫೋಟೊ ಸ್ಟಿಕರ್ ಆದಾಗ

ಹಿರಿಯೂರು ಕಡೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ನಾನು ಗಣಿತ ಮೇಷ್ಟ್ರು. ಶಾಲೆಯಲ್ಲಿ ಏನೇ ನಡೆದರೂ ಫೋಟೊ ತೆಗೆಯೋದು ನನ್ನ ಪಾಲಿಗೇ ಬರುತ್ತದೆ. ಮೊಟ್ಟೆ ಕೊಟ್ಟರೆ ಒಂದು ಫೋಟೊ, ಗಿಡ ನೆಟ್ಟರೆ ಇನ್ನೊಂದು. ಇಲಾಖೆಯ ಗ್ರೂಪಿಗೆ ಕಳಿಸಿದ ಮೇಲೆ, ಚೆನ್ನಾಗಿ ಬಂದಿದ್ದನ್ನು ನನ್ನ ಸ್ಟೇಟಸ್‌ಗೂ ಹಾಕುತ್ತಿದ್ದೆ. ಮಕ್ಕಳ ನಂಬರುಗಳೂ ನನ್ನ ಫೋನಿನಲ್ಲಿವೆ, ಅವರೂ ನೋಡುತ್ತಾರೆ ಅನ್ನೋದು ತಲೆಗೇ ಬಂದಿರಲಿಲ್ಲ.

ಒಂಬತ್ತನೇ ತರಗತಿಯ ಒಬ್ಬ ಹುಡುಗಿ ಮೂರು ದಿನ ಶಾಲೆಗೆ ಬರಲಿಲ್ಲ. ಜ್ವರ ಇರಬೇಕು ಅಂದುಕೊಂಡೆ. ಅವಳ ಪಕ್ಕ ಕೂರುವ ಹುಡುಗಿ ಸ್ಟಾಫ್ ರೂಮಿನ ಬಾಗಿಲ ಹತ್ತಿರ ಬಂದು ನಿಂತಳು, ಹೋದಳು, ಮತ್ತೆ ಬಂದಳು. ಆಮೇಲೆ ವಿಷಯ ಹೊರಬಿತ್ತು. ಶಾಲೆಗೆ ಬಾರದ ಹುಡುಗಿ ಬಾಯ್ತುಂಬ ಮೊಟ್ಟೆ ತುಂಬಿಕೊಂಡಿದ್ದ ಫೋಟೊದಿಂದ ಮುಖವನ್ನು ಯಾರೋ ಕತ್ತರಿಸಿ ಸ್ಟಿಕರ್ ಮಾಡಿದ್ದರು. ಕೆಳಗೆ ಒಂದು ಹೊಲಸು ಮಾತು. ಹುಡುಗರ ಗ್ರೂಪುಗಳಲ್ಲಿ ಅದೇ ಓಡುತ್ತಿತ್ತು. ಪ್ರಾರ್ಥನೆ ಹೊತ್ತಿಗೆ ಎಲ್ಲರನ್ನೂ ನಿಲ್ಲಿಸಿ ಬೆಂಡೆತ್ತಬೇಕು ಅಂತ ಎದ್ದೆ. ಆಗ ಬಾಗಿಲ ಹತ್ತಿರ ನಿಂತಿದ್ದ ಗೆಳತಿ ಮೆಲ್ಲಗೆ ಅಂದಳು: ‘ಸಾರ್, ಆ ಫೋಟೊ ನಿಮ್ಮ ಸ್ಟೇಟಸ್ಸಿಂದಲೇ ತಗೊಂಡಿದ್ದು.’

ಬೈಯೋಕೆ ಎದ್ದವನು ಕೂತೆ.

ಸಂಜೆ ಆ ಹುಡುಗಿಯ ಮನೆಗೆ ಹೋಗಿ ತಪ್ಪಾಯ್ತು ಅಂದೆ. ಅವಳು ಕೇಳಿದ್ದು ಒಂದೇ: ‘ಅಪ್ಪಂಗೆ ಹೇಳ್ಬೇಡಿ ಸಾರ್, ಫೋನ್ ಕಿತ್ಕೊಂಡು ಬಿಡ್ತಾರೆ.’ ಮೂರು ದಿನ ಒಬ್ಬಳೇ ಅತ್ತಿದ್ದಾಳೆ. ಸ್ಟಿಕರ್ ಮಾಡಿದವರಿಗಿಂತ ಫೋನ್ ಕಿತ್ತುಕೊಳ್ಳುವ ಅಪ್ಪನ ಭಯವೇ ಜಾಸ್ತಿ. ಅವರಪ್ಪನ ಹತ್ತಿರ ನಾನೇ ಮಾತಾಡಿದೆ, ಫೋನ್ ಕಿತ್ತುಕೊಳ್ಳಲ್ಲ ಅಂತ ಅವರ ಬಾಯಲ್ಲಿ ಹೇಳಿಸಿದ ಮೇಲೆಯೇ ಸ್ಟಿಕರ್ ವಿಷಯ ತೆಗೆದೆ.

ಸ್ಟಿಕರ್ ಮಾಡಿದ ಹುಡುಗ ಸಿಕ್ಕಿದ. ಅಳಿಸು ಅಂದೆ. ಎಲ್ಲರ ಫೋನಿನಿಂದಲೂ ಅಳಿಸೋ ‘ಡಿಲೀಟ್ ಫಾರ್ ಎವ್ರಿವನ್’ ಅವನಿಗೆ ಸಿಗಲೇ ಇಲ್ಲ. ವಾಟ್ಸಾಪ್‌ನಲ್ಲಿ ಅದಕ್ಕೆ ಇರುವ ಅವಧಿ ಸುಮಾರು ಎರಡೂವರೆ ದಿನ, ಅಷ್ಟರಲ್ಲಿ ಅದು ಮುಗಿದಿತ್ತು. ಸಿಕ್ಕಿದ್ದರೂ ಬೇರೆಯವರು ಫೇವರಿಟ್‌ಗೆ ಸೇರಿಸಿಕೊಂಡಿದ್ದ ಸ್ಟಿಕರ್ ಅಲ್ಲೇ ಇರುತ್ತಿತ್ತು. ಕೊನೆಗೆ ಅವನೇ ಒಬ್ಬೊಬ್ಬರ ಹತ್ತಿರ ಹೋಗಿ ‘ತೆಗೀರೋ ಪ್ಲೀಸ್’ ಅಂತ ಕೇಳಿಕೊಂಡ. ನಾನು ಕೊಡಬಹುದಾಗಿದ್ದ ಯಾವ ಶಿಕ್ಷೆಯೂ ಇಷ್ಟು ಕೆಲಸ ಮಾಡುತ್ತಿರಲಿಲ್ಲ.

ಮಾರನೇ ವಾರ ಒಂದು ಪೀರಿಯಡ್ ಇದಕ್ಕೇ ಇಟ್ಟೆ. ಮೊದಲು ನನ್ನ ತಪ್ಪನ್ನು ಹೇಳಿದೆ. ಆಮೇಲೆ ಬೋರ್ಡಿನ ಮೇಲೆ ಲೆಕ್ಕ. ಒಬ್ಬರು ಒಂದು ಸಲಕ್ಕೆ ಐದು ಕಡೆ ಫಾರ್ವರ್ಡ್ ಮಾಡಬಹುದು. ಆ ಐವರೂ ತಲಾ ಐದು ಜನಕ್ಕೆ ಕಳಿಸಿದರೆ 25. ಮುಂದೆ 125. ನಾಲ್ಕನೇ ಸುತ್ತಿಗೆ 625. ನಮ್ಮ ಶಾಲೆಯಲ್ಲಿರೋದೇ 240 ಮಕ್ಕಳು. ‘ಸಾರ್, ಒಂದೊಂದೂ ಗ್ರೂಪ್ ಆಗಿದ್ರೆ?’ ಅಂತ ಹಿಂದಿನ ಬೆಂಚಿನಿಂದ ಪ್ರಶ್ನೆ ಬಂತು. ಲೆಕ್ಕ ಅಂದರೆ ಓಡಿಹೋಗೋ ಹುಡುಗ ಅವನು!

ಈ ಐದರ ಮಿತಿ ಯಾಕೆ ಬಂತು ಅಂತಲೂ ಹೇಳಿದೆ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಗೆ ಹೈದರಾಬಾದಿನಿಂದ ಒಂದಷ್ಟು ಗೆಳೆಯರು ಬಂದಿದ್ದರು. ದಾರಿಯಲ್ಲಿ ಮಕ್ಕಳಿಗೆ ಚಾಕಲೇಟ್ ಕೊಟ್ಟರು. ಮಕ್ಕಳ ಕಳ್ಳರು ಅನ್ನೋ ಸುದ್ದಿ ವಾಟ್ಸಾಪ್‌ನಲ್ಲಿ ಅವರ ಕಾರಿಗಿಂತ ಮುಂದೆ ಓಡಿತು. ಮುರ್ಕಿ ಗ್ರಾಮದ ಹತ್ತಿರ ಜನ ಹೊಡೆದ ಹೊಡೆತಕ್ಕೆ ಅವರಲ್ಲಿ ಒಬ್ಬ ಎಂಜಿನಿಯರ್ ಸತ್ತೇ ಹೋದ. ಆ ವರ್ಷ ದೇಶದ ಬೇರೆ ಕಡೆಗಳಲ್ಲೂ ಇಂಥವು ನಡೆದಿದ್ದವು. ವಾಟ್ಸಾಪ್ ಭಾರತದಲ್ಲಿ ಐದು ಚಾಟ್‌ಗಳ ಮಿತಿ ಹಾಕುತ್ತೇವೆ ಅಂತ ಹೇಳಿದ್ದು ಅದೇ ತಿಂಗಳಲ್ಲಿ. ಕ್ಲಾಸು ಗಪ್‌ಚಿಪ್ ಆಯಿತು.

ಇನ್‌ಸ್ಟಾಗ್ರಾಂ ವಿಷಯದಲ್ಲಿ ಮಕ್ಕಳೇ ನನಗೆ ಪಾಠ ಮಾಡಿದರು. ಅಕೌಂಟ್ ತೆರೆಯಲು 13 ವರ್ಷ ತುಂಬಿರಬೇಕು. ಇವರೆಲ್ಲ ಆರನೇ ತರಗತಿಯಲ್ಲೇ ತೆರೆದಿದ್ದರು. ಹುಟ್ಟಿದ ವರ್ಷ ಏನು ಕೊಟ್ರಿ ಅಂದೆ. ‘2000 ಸಾರ್, ಅದೇ ಈಸಿ.’ ಅಲ್ಲಿಗೆ ಆಪ್ ಲೆಕ್ಕದಲ್ಲಿ ಇವರೆಲ್ಲ ಮದುವೆ ವಯಸ್ಸಿನವರು! 18ರ ಒಳಗಿನವರಿಗೆ ಟೀನ್ ಅಕೌಂಟ್ ಅಂತ ಇದೆ. ಅಕೌಂಟ್ ತಾನಾಗೇ ಪ್ರೈವೇಟ್ ಆಗಿರುತ್ತದೆ, ಗುರುತಿಲ್ಲದವರು ಮೆಸೇಜ್ ಹಾಕೋಕೆ ಆಗಲ್ಲ. ಸುಳ್ಳು ವಯಸ್ಸು ಕೊಟ್ಟವರಿಗೆ ಇದು ಯಾವುದೂ ಸಿಗದೇ ಹೋಗಬಹುದು. ಫೋನ್ ಇದ್ದವರು ಒಂದು ಶನಿವಾರ ತಂದರು, ಒಬ್ಬರ ಮುಖ ಒಬ್ಬರು ನೋಡಿಕೊಂಡು ಅಕೌಂಟ್ ಪ್ರೈವೇಟ್ ಮಾಡಿದರು. ವಾಟ್ಸಾಪ್‌ನಲ್ಲಿ ಗ್ರೂಪಿಗೆ ಯಾರು ಸೇರಿಸಬಹುದು ಅನ್ನೋ ಕಡೆ ‘ಮೈ ಕಾಂಟ್ಯಾಕ್ಟ್ಸ್’ ಇಟ್ಟರು. ಅರ್ಧಕ್ಕರ್ಧ ಮಕ್ಕಳಿಗೆ ಸ್ವಂತ ಫೋನ್ ಇಲ್ಲ, ರಾತ್ರಿ ಅಪ್ಪ ಮನೆಗೆ ಬಂದ ಮೇಲೆ ಸಿಗೋ ಫೋನೇ ಗತಿ. ಅವರು ನೋಟ್ ಪುಸ್ತಕದಲ್ಲಿ ಬರೆದುಕೊಂಡು ಹೋದರು.

ಯಾರಾದರೂ ಹೆದರಿಸಿದರೆ, ಫೋಟೊ ಕೇಳಿದರೆ ಏನು ಮಾಡಬೇಕು ಅನ್ನೋದನ್ನೂ ಬರೆಸಿದೆ. ಸಿಟ್ಟಿಗೋ ಭಯಕ್ಕೋ ಚಾಟ್ ಅಳಿಸಬೇಡಿ. ಮೊದಲು ಹೆಸರು ಕಾಣುವ ಹಾಗೆ ಸ್ಕ್ರೀನ್‌ಶಾಟ್, ಆಮೇಲೆ ಬ್ಲಾಕ್, ತಕ್ಷಣ ದೊಡ್ಡವರೊಬ್ಬರಿಗೆ ಹೇಳೋದು. ಮಕ್ಕಳ ಸಹಾಯವಾಣಿ 1098. ಆನ್‌ಲೈನ್ ಮೋಸದಲ್ಲಿ ದುಡ್ಡು ಹೋಗಿದ್ದರೆ ಸೈಬರ್ ಸಹಾಯವಾಣಿ 1930. ಈ ಎರಡು ನಂಬರ್ ಈಗಲೂ ಬೋರ್ಡಿನ ಮೂಲೆಯಲ್ಲಿವೆ, ಒರೆಸಬಾರದು ಅಂತ ಸುತ್ತ ಗೆರೆ ಹಾಕಿದ್ದೇನೆ.

ಪೋಷಕರ ಸಭೆಯಲ್ಲಿ ಒಬ್ಬರು ಎದ್ದು, ‘ಫೋನೇ ಕೊಡದಿದ್ರೆ ಆಯ್ತಲ್ವಾ ಸಾರ್?’ ಅಂದರು. ಹೋಂವರ್ಕ್ ವಾಟ್ಸಾಪ್‌ಗೆ ಹಾಕೋರು ನಾವೇ, ಹಾಗೆ ಹೇಳೋಕೆ ನನಗೆ ಯಾವ ಮುಖ? ಕಿತ್ತುಕೊಂಡರೆ ಇನ್ನೊಬ್ಬರ ಫೋನಿನಲ್ಲಿ ನೋಡುತ್ತಾರೆ, ಏನಾದರೂ ಆದರೆ ಮನೆಯಲ್ಲಿ ಬಾಯಿ ಬಿಡಲ್ಲ. ‘ಬಂದು ಹೇಳಿದ ಮಗುವಿನ ಫೋನ್ ಕಿತ್ತುಕೊಳ್ಳಬೇಡಿ, ಅಷ್ಟು ಮಾಡಿ’ ಅಂದೆ. ಕೆಲವರು ತಲೆಯಾಡಿಸಿದರು, ಕೆಲವರು ಇಲ್ಲ.

ರೀಲ್ಸ್ ವಿಷಯದಲ್ಲಿ ಮಾತ್ರ ನಾನು ಗೆದ್ದಿಲ್ಲ. ಎಷ್ಟು ಹೊತ್ತು ನೋಡ್ತೀರಿ ಅಂತ ಕ್ಲಾಸಿನಲ್ಲಿ ಕೇಳಿದ್ದಕ್ಕೆ, ‘ನಿಮ್ದು ತೋರ್ಸಿ ಸಾರ್’ ಅಂದರು. ದಿನಕ್ಕೆ ಎಷ್ಟು ಹೊತ್ತು ಫೋನ್ ನೋಡಿದ್ದೇವೆ ಅಂತ ತೋರಿಸೋ ಡಿಜಿಟಲ್ ವೆಲ್‌ಬೀಯಿಂಗ್ ತೆಗೆದೆ. ನಾಲ್ಕು ಗಂಟೆ ಹತ್ತು ನಿಮಿಷ. ಕ್ಲಾಸು ಬಿದ್ದು ಬಿದ್ದು ನಕ್ಕಿತು. ಅವತ್ತಿನಿಂದ ರಾತ್ರಿ ನನ್ನ ಫೋನು ಅಡುಗೆಮನೆಯಲ್ಲಿ ಚಾರ್ಜಿಗೆ. ಸೋಮವಾರ ಕ್ಲಾಸಿಗೆ ಲೆಕ್ಕ ಒಪ್ಪಿಸಬೇಕು. ಮೊನ್ನೆ ಎರಡು ಗಂಟೆ ಮೂವತ್ತಕ್ಕೆ ಇಳಿದಿತ್ತು.

ಆ ಹುಡುಗಿ ಈಗ ಹತ್ತನೇ ತರಗತಿ. ಹೋದ ತಿಂಗಳು ಮೊಟ್ಟೆ ಕೊಡುವ ಹೊತ್ತಿಗೆ ನಾನು ಫೋನ್ ಎತ್ತಿದ್ದೇ ತಡ, ತಟ್ಟೆಯನ್ನು ಮುಖಕ್ಕೆ ಅಡ್ಡ ಹಿಡಿದು, ‘ಇಲಾಖೆಗಾ ಸಾರ್, ಸ್ಟೇಟಸ್‌ಗಾ?’ ಅಂದಳು. ಇಲಾಖೆಗೆ ಅಂದೆ. ಅವಳು ತಟ್ಟೆ ಇಳಿಸಲಿಲ್ಲ. ಫೋಟೊ ಹಾಗೇ ಹೋಯಿತು.