ಬಿಸಿಲಿನಲ್ಲಿ ಹಾಸು, ಮಳೆಯಲ್ಲಿ ನೇಯ್ಗೆ: ಕೊಡಗಿನ ಮನೆಯಲ್ಲಿ ಕೈಮಗ್ಗ

ತಮಗೆ ಬೇಕಾದ ಅಳತೆ ಮತ್ತು ಬಣ್ಣದ ಬಟ್ಟೆಯನ್ನು ತಾವೇ ನೇಯಬಯಸುವ ಕೊಡಗಿನವರು ನೂಲಿನ ಲೆಕ್ಕದ ಜೊತೆಗೆ ಋತುವಿನ ಲೆಕ್ಕವನ್ನೂ ಹಾಕಿಕೊಳ್ಳಬೇಕು. ಹತ್ತಿ ನೂಲು ತೇವ ಹೀರಿದಾಗ ಇನ್ನಷ್ಟು ಗಟ್ಟಿಯಾಗುವುದರಿಂದ ಜೂನ್–ಜುಲೈ ತಿಂಗಳ ಮಳೆಗಾಲದಲ್ಲಿ ಹಾಸಿನ ಎಳೆಗಳು, ಅಂದರೆ ಮಗ್ಗದ ಮೇಲೆ ಉದ್ದಕ್ಕೆ ಬಿಗಿದ ಎಳೆಗಳು, ಕಡಿಯುವುದು ಕಡಿಮೆ. ಆದರೆ ಅದೇ ಮಳೆಯಲ್ಲಿ ಗಂಜಿ ಹಾಕಿದ ನೂಲು ಒಣಗದೆ ಬೂಷ್ಟು ಹಿಡಿಯುತ್ತದೆ. ಆದ್ದರಿಂದ ಕಣದಲ್ಲಿ ಹರಡಿದ ಕಾಫಿ ಎದ್ದ ಮೇಲೆ, ಕಾಫಿ ಹೂ ಅರಳಿಸುವ ಹೂಮಳೆಯ ಮೋಡ ನೋಡಿಕೊಂಡು, ಬೇಸಿಗೆಯ ಬಿಸಿಲಿನಲ್ಲೇ ಗಂಜಿಯ ಕೆಲಸ ಮುಗಿಸಬೇಕು.

18 ಅಂಗುಲ ಅಗಲ, 2 ಮೀಟರ್ ಉದ್ದದ ಹೆಗಲುವಸ್ತ್ರವನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಇದಕ್ಕೆ 20ನೇ ನಂಬರಿನ (ಇದು ನೂಲಿನ ದಪ್ಪ ಸೂಚಿಸುವ ಸಂಖ್ಯೆ) ಎರಡೆಳೆ ಹತ್ತಿ ನೂಲು ಹೊಂದುತ್ತದೆ. ಬಟ್ಟೆ ಕುಗ್ಗುವುದರಿಂದ ಮಗ್ಗದ ಮೇಲೆ 20 ಅಂಗುಲ ಅಗಲ ಬೇಕು. ಅಂಗುಲಕ್ಕೆ 24 ಎಳೆಯಂತೆ ಹಾಸಿನಲ್ಲಿ 480 ಎಳೆ. ಕುಗ್ಗುವ ಪಾಲು ಮತ್ತು ಮಗ್ಗಕ್ಕೆ ಕಟ್ಟಲು ಬಿಡುವ ತುದಿಗಳನ್ನು ಸೇರಿಸಿ ಪ್ರತಿ ಎಳೆಗೆ 3 ಮೀಟರ್ ಇಡಬೇಕು. ಹಾಸು ಮತ್ತು ಅಡ್ಡಕ್ಕೆ ಹಾಯುವ ಹೊಕ್ಕು ಎರಡಕ್ಕೂ ಸುಮಾರು 150 ಗ್ರಾಂ ನೂಲು ತಗಲುತ್ತದೆ. 200 ಗ್ರಾಂ ಕೊಳ್ಳುವುದು ಒಳಿತು, ಏಕೆಂದರೆ ಮತ್ತೊಮ್ಮೆ ತಂದ ನೂಲಿನ ಬಣ್ಣ ಮೊದಲಿನದಕ್ಕೆ ಕೂಡದಿರಬಹುದು. ಅಂಚಿಗೆ ಚೇಲೆಯ (ಕೊಡವ ಗಂಡಸರು ಸೊಂಟಕ್ಕೆ ಕಟ್ಟುವ ರೇಷ್ಮೆ ಪಟ್ಟಿ) ಕಡುಗೆಂಪು ಬೇಕೆನಿಸಿದರೆ ಕೆಂಪು ಹತ್ತಿಯನ್ನೇ ಬಳಸಿರಿ. ರೇಷ್ಮೆ ಹಿಗ್ಗುವ ಪ್ರಮಾಣ ಬೇರೆಯಾದ್ದರಿಂದ ಒಂದೇ ಹಾಸಿನಲ್ಲಿ ಎರಡನ್ನೂ ಸೇರಿಸಿದರೆ ಬಟ್ಟೆ ಸುಕ್ಕುಗಟ್ಟುತ್ತದೆ. ಕೆಂಪು ನೂಲಿನ ತುಣುಕನ್ನು ಬಿಸಿನೀರಿನಲ್ಲಿ ನೆನೆಸಿ, ಬಣ್ಣ ಬಿಡುವುದಿಲ್ಲವೆಂದು ಮೊದಲೇ ಖಚಿತಪಡಿಸಿಕೊಳ್ಳಬೇಕು.

ನೂಲಿನ ಲಡಿಗಳನ್ನು ತೆಳುವಾದ ಅಕ್ಕಿ ಗಂಜಿಯಲ್ಲಿ ಅದ್ದಿ, ಹಿಂಡಿ, ಕೊಡವಿ, ಪೂರ್ತಿ ಒಣಗಿಸಿರಿ. ಅನಂತರ ಗೂಟಗಳ ನಡುವೆ ಎಳೆಗಳನ್ನು ಹಾಯಿಸಿ ಹಾಸು ಕಟ್ಟುವಾಗ ಒಂದು ತುದಿಯಲ್ಲಿ ಪ್ರತಿ ಎಳೆಯೂ ಹಿಂದಿನದನ್ನು ಅಡ್ಡ ದಾಟುವಂತೆ ಸುತ್ತಬೇಕು. ಈ ದಾಟನ್ನು ದಾರದಿಂದ ಕಟ್ಟಿದ ಮೇಲೆಯೇ ಹಾಸನ್ನು ಗೂಟದಿಂದ ತೆಗೆಯಬೇಕು. ಇದು ತಪ್ಪಿದರೆ 480 ಎಳೆಗಳ ಕ್ರಮವನ್ನು ಮತ್ತೆ ಹುಡುಕುವುದು ಅಸಾಧ್ಯವೆಂದೇ ಹೇಳಬೇಕು.

ಹಾಸನ್ನು ಹಿಂದಿನ ಉರುಳೆಗೆ ಒಂದೇ ಬಿಗಿಯಲ್ಲಿ, ಪದರಗಳ ನಡುವೆ ಕಾಗದವಿಟ್ಟು ಸುತ್ತಿ, ಎಳೆಗಳನ್ನು ಒಂದೊಂದಾಗಿ ಅವನ್ನು ಮೇಲೆ ಕೆಳಗೆ ಸರಿಸುವ ಹೀಲ್ಡ್ ಕಣ್ಣುಗಳಲ್ಲೂ, ಹೊಕ್ಕನ್ನು ಒತ್ತುವ ಬಾಚಣಿಗೆಯಂಥ ಹಣಿಗೆಯಲ್ಲೂ ತೂರಿಸಿ ಮುಂದಿನ ಉರುಳೆಗೆ ಕಟ್ಟಿರಿ. ಇದು ತಾಳ್ಮೆಯ ಕೆಲಸ. ನೇಯ್ಗೆಯ ಚೆಲುವಿನ ಬಹುಪಾಲು ಇಲ್ಲೇ ನಿರ್ಧಾರವಾಗುತ್ತದೆಂಬುದು ನನ್ನ ದೃಢವಾದ ನಂಬಿಕೆ. ಉಕ್ಕಿನ ಹಣಿಗೆ ನಮ್ಮ ಥಂಡಿಗೆ ತುಕ್ಕು ಹಿಡಿದು ಬಟ್ಟೆಗೆ ಕಲೆ ಮಾಡುವುದರಿಂದ ಅದನ್ನು ದಿನವೂ ಒಣಬಟ್ಟೆಯಿಂದ ಒರೆಸಬೇಕು.

ನೇಯುವಾಗ ಮೆಟ್ಟುಗೋಲು ತುಳಿದು ಎಳೆಗಳ ನಡುವೆ ಬಾಯಿ ತೆರೆಯಿರಿ, ಹೊಕ್ಕಿನ ನೂಲು ಸುತ್ತಿದ ಲಾಳಿಯನ್ನು ಹಾಯಿಸಿರಿ, ಹಣಿಗೆಯಿಂದ ಹೊಡೆಯಿರಿ. ಹೊಕ್ಕಿನ ಎಳೆಯನ್ನು ಬಿಗಿಯಾಗಿ ಎಳೆಯದೆ ಸ್ವಲ್ಪ ಓರೆಯಾಗಿ ಮಲಗಿಸಿದರೆ ಅಂಚು ಒಳಸರಿಯುವುದಿಲ್ಲ. ಅಂಗುಲಕ್ಕೆ 24 ಹೊಕ್ಕು ಬೀಳುತ್ತಿವೆಯೇ ಎಂದು ಆಗಾಗ ಎಣಿಸಿರಿ.

ಮಗ್ಗದಿಂದ ಕತ್ತರಿಸುವ ಮೊದಲು ಎರಡೂ ತುದಿಗಳಲ್ಲಿ ಕುಚ್ಚು ಕಟ್ಟಲು ಸಾಕಾಗುವಷ್ಟು ಎಳೆ ಬಿಡಬೇಕು. ಕುಚ್ಚು ಕಟ್ಟಿದ ಮೇಲೆ ಬಟ್ಟೆಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಒಗೆದು ಗಂಜಿ ತೆಗೆಯಿರಿ. ಮಳೆ ಬಿಡದಿದ್ದರೆ ಅಡುಗೆಮನೆಯ ಒಲೆಯಿಂದ ದೂರದಲ್ಲಿ, ಹೊಗೆ ತಾಕದಂತೆ, ನೆರಳಿನಲ್ಲಿ ಹರಡಿ, ಅರೆ ಒದ್ದೆಯಿರುವಾಗಲೇ ಇಸ್ತ್ರಿ ಮಾಡಿರಿ.