ಲಯ ತಪ್ಪಿದ ಎದೆಬಡಿತ, ವೈದ್ಯರ ಭಯ: ನನ್ನ ಅನುಭವ

ಒಂದು ಬಡಿತ ತಪ್ಪಿದಂತಾಗಿ ಎದೆಯೊಳಗೆ ಅರೆಕ್ಷಣ ಏನೂ ಇಲ್ಲವೆನ್ನಿಸುತ್ತದೆ. ಮರುಕ್ಷಣವೇ ಗಂಟಲಿಗೆ ಬಂದು ತಾಗುವಷ್ಟು ಜೋರಾಗಿ ಮುಂದಿನ ಬಡಿತ ಬೀಳುತ್ತದೆ. ರಾತ್ರಿ ಎಡಮಗ್ಗುಲಾಗಿ ಮಲಗಿದಾಗ ಇದು ಇನ್ನೂ ಸ್ಪಷ್ಟವಾಗಿ ತಿಳಿಯುತ್ತಿತ್ತು. ಇಷ್ಟಾದರೂ ವೈದ್ಯರ ಬಳಿ ಹೋಗಲು ನಾನು ಬಹಳ ಕಾಲ ಹಿಂಜರಿದೆ. ಸೂಜಿಯ ಭಯವಾಗಲಿ ಖರ್ಚಿನ ಭಯವಾಗಲಿ ನನ್ನದಾಗಿರಲಿಲ್ಲ. ಹೆಸರಿಲ್ಲದಿರುವವರೆಗೆ ಅದನ್ನು ಗ್ಯಾಸ್, ನಿದ್ದೆಗೇಡು, ವಯಸ್ಸು ಎಂದು ಸಮಾಧಾನ ಮಾಡಿಕೊಳ್ಳಬಹುದಿತ್ತು. ಒಮ್ಮೆ ಕಾಯಿಲೆಯ ಹೆಸರು ಬಿದ್ದರೆ ಅದನ್ನು ಜೀವನವಿಡೀ ಹೊತ್ತು ತಿರುಗಬೇಕಲ್ಲ ಎಂಬುದೇ ನನ್ನ ಅಂಜಿಕೆಯಾಗಿತ್ತು. ಹೆದರಿದಾಗ ದೇಹದಲ್ಲಿ ಅಡ್ರಿನಲಿನ್ ಎಂಬ ಹಾರ್ಮೋನು ಹೆಚ್ಚುತ್ತದೆ, ಅಡ್ರಿನಲಿನ್ ಹೆಚ್ಚಿದಾಗ ಇಂಥ ಬಡಿತಗಳೂ ಹೆಚ್ಚಬಹುದು; ಹೀಗಾಗಿ ಭಯವೇ ಭಯಕ್ಕೆ ಕಾರಣ ಒದಗಿಸುತ್ತಿತ್ತು.

ಆಸ್ಪತ್ರೆಗೆ ಹೋಗುವುದನ್ನು ಒಂದೇ ದೊಡ್ಡ ಕೆಲಸವೆಂದು ಎಣಿಸದೆ, ಮನೆಯಲ್ಲೇ ಕುಳಿತು ಮಾಡಬಹುದಾದದ್ದರಿಂದ ಆರಂಭಿಸಿದೆ. ಮಣಿಕಟ್ಟಿನಲ್ಲಿ, ಹೆಬ್ಬೆರಳ ಬುಡದ ಕೆಳಗೆ, ತೋರುಬೆರಳು ಮತ್ತು ನಡುಬೆರಳನ್ನಿಟ್ಟು ನಾಡಿ ನೋಡುವುದನ್ನು ರೂಢಿಸಿಕೊಂಡೆ. ಹೆಬ್ಬೆರಳಿಗೆ ತನ್ನದೇ ಮಿಡಿತವಿರುವುದರಿಂದ ಅದನ್ನು ಬಳಸಬಾರದು. 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುವ ಸುಲಭದ ದಾರಿ ಲಯ ತಪ್ಪಿದ ನಾಡಿಗೆ ಸಲ್ಲುವುದಿಲ್ಲ. ಪೂರ್ತಿ 60 ಸೆಕೆಂಡು ಎಣಿಸಬೇಕು. ವಿಶ್ರಾಂತಿಯಲ್ಲಿರುವ ವಯಸ್ಕರ ನಾಡಿ ಸಾಮಾನ್ಯವಾಗಿ ನಿಮಿಷಕ್ಕೆ 60ರಿಂದ 100ರ ನಡುವೆ ಇರುತ್ತದೆ. ಸಂಖ್ಯೆಯ ಜೊತೆಗೆ ಬಡಿತ ಸಮವಾಗಿದ್ದು ನಡುವೆ ಒಂದು ತಪ್ಪುತ್ತಿದೆಯೇ, ಇಲ್ಲವೇ ಪೂರ್ತಿ ಅಡ್ಡಾದಿಡ್ಡಿಯಾಗಿದೆಯೇ, ಆಗ ನಾನೇನು ಮಾಡುತ್ತಿದ್ದೆ, ಹಿಂದಿನ ರಾತ್ರಿ ನಿದ್ದೆ ಹೇಗಿತ್ತು ಎಂಬುದನ್ನೂ ಒಂದು ಪುಸ್ತಕದಲ್ಲಿ ಬರೆದಿಟ್ಟೆ. ದಿನಕ್ಕೆ ಎರಡು ಹೊತ್ತು ಮಾತ್ರ ನೋಡಬೇಕೆಂಬ ಕಟ್ಟಳೆ ಹಾಕಿಕೊಳ್ಳದಿದ್ದರೆ ಬೆರಳು ಮಣಿಕಟ್ಟು ಬಿಟ್ಟು ಏಳುತ್ತಲೇ ಇರಲಿಲ್ಲ.

ಆದರೆ ಪ್ರಜ್ಞೆ ತಪ್ಪಿದರೆ, ಎದೆ ನೋವು ಬಂದರೆ, ತೀವ್ರವಾದ ಏದುಸಿರು ಹತ್ತಿದರೆ ಈ ನಿಧಾನದ ಕ್ರಮಕ್ಕೆ ಅವಕಾಶವಿಲ್ಲ. ಆಗ ತಕ್ಷಣ ತುರ್ತು ಚಿಕಿತ್ಸೆಗೆ ಹೋಗಬೇಕು. ಇದನ್ನು ಆ ಪುಸ್ತಕದ ಮೊದಲ ಪುಟದಲ್ಲೇ ದೊಡ್ಡದಾಗಿ ಬರೆದು ಮನೆಯವರಿಗೂ ತೋರಿಸಿದ್ದೆ.

ನಂತರ ಹೃದ್ರೋಗ ತಜ್ಞರ ಬದಲು ಸಾಮಾನ್ಯ ವೈದ್ಯರೊಬ್ಬರ ಬಳಿ, ಇಸಿಜಿ ಒಂದನ್ನೇ ಮಾಡಿಸಿ ಬರುವುದೆಂದು ನಿಶ್ಚಯಿಸಿ, ಆಪ್ತರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋದೆ. ಬಾಯಲ್ಲಿ ಹೇಳಲು ಹೋದರೆ ಅರ್ಧ ಮರೆಯುವುದು ಖಚಿತವಾಗಿದ್ದರಿಂದ ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು ಕೊಟ್ಟೆ. ಅದರ ಮೊದಲ ಸಾಲು, 'ನನಗೆ ವೈದ್ಯರನ್ನು ಕಂಡರೆ ಭಯ, ನನ್ನ ಬಿಪಿ ಇಲ್ಲಿ ಹೆಚ್ಚು ತೋರಿಸಬಹುದು' ಎಂದಿತ್ತು. ವೈದ್ಯರು ಅದನ್ನು ಓದಿ, ನಗದೆ, ಬಿಪಿ ನೋಡುವುದನ್ನು ಕೊನೆಗಿಟ್ಟುಕೊಂಡರು. ಆ ಒಂದು ಸಾಲು ಮಾಡಿದ ಉಪಕಾರವನ್ನು ಬೇರಾವ ಸಿದ್ಧತೆಯೂ ಮಾಡಲಿಲ್ಲ.

ಇಸಿಜಿ ಎಂದರೆ ಎದೆಗೆ ಆರು, ಕೈಕಾಲುಗಳಿಗೆ ನಾಲ್ಕು ವಿದ್ಯುದ್ವಾರಗಳನ್ನು ಅಂಟಿಸಿ, ಸಾಮಾನ್ಯವಾಗಿ ಸುಮಾರು 10 ಸೆಕೆಂಡುಗಳ ಬಡಿತವನ್ನು ಕಾಗದದ ಮೇಲೆ ಇಳಿಸಿಕೊಳ್ಳುವುದು. ತಣ್ಣನೆಯ ಜೆಲ್ ತಾಗಿದಾಗ ಮೈ ಜುಮ್ಮೆಂದದ್ದು ಬಿಟ್ಟರೆ ಬೇರೇನೂ ಅನುಭವಕ್ಕೆ ಬರಲಿಲ್ಲ. ಯಂತ್ರ ದೇಹದೊಳಕ್ಕೆ ವಿದ್ಯುತ್ತನ್ನು ಹರಿಸುವುದಿಲ್ಲ, ಹೃದಯದ್ದನ್ನೇ ದಾಖಲಿಸುತ್ತದೆ. ನನ್ನ ಇಸಿಜಿಯಲ್ಲಿ ದೋಷವೇನೂ ಕಾಣಲಿಲ್ಲ. ಆ ಕೆಲವೇ ಸೆಕೆಂಡುಗಳಲ್ಲಿ ಬಡಿತ ತಪ್ಪದಿದ್ದರೆ ಕಾಗದದಲ್ಲಿ ಏನೂ ಮೂಡುವುದಿಲ್ಲವಾದ್ದರಿಂದ, 24 ಗಂಟೆ ಮೈಮೇಲೆ ಧರಿಸಿ ಬಡಿತವನ್ನು ಸತತವಾಗಿ ದಾಖಲಿಸುವ ಹೋಲ್ಟರ್ ಯಂತ್ರ ಹಾಕಿದರು. ಥೈರಾಯ್ಡ್, ಪೊಟ್ಯಾಸಿಯಂ, ಹಿಮೋಗ್ಲೋಬಿನ್ ರಕ್ತಪರೀಕ್ಷೆಗಳೂ ಹೃದಯದ ರಚನೆಯನ್ನು ತೋರಿಸುವ ಎಕೋ ಸ್ಕ್ಯಾನೂ ಆದವು.

ಕೊನೆಗೆ ಬಿದ್ದ ಹೆಸರು ಹೃತ್ಕುಕ್ಷಿಯ (ಹೃದಯದ ಕೆಳಗಿನ ಕೋಣೆಯ) ಅಕಾಲಿಕ ಬಡಿತ. ಬಡಿತವೊಂದು ಸಮಯಕ್ಕೆ ಮೊದಲೇ ಬಂದುಬಿಡುತ್ತದೆ, ಅದರ ಹಿಂದೆ ತುಸು ದೀರ್ಘವಾದ ವಿರಾಮ ಬರುತ್ತದೆ, ಆ ವಿರಾಮದಲ್ಲಿ ಹೃದಯದಲ್ಲಿ ಹೆಚ್ಚು ರಕ್ತ ತುಂಬಿಕೊಳ್ಳುವುದರಿಂದ ಮುಂದಿನ ಬಡಿತ ಜೋರಾಗುತ್ತದೆ. ಹೃದಯದ ರಚನೆ ಸರಿಯಿರುವವರಲ್ಲಿ, ಅಪರೂಪಕ್ಕೆ ಬರುವ ಇಂಥ ಬಡಿತ ಬಹುಮಟ್ಟಿಗೆ ಅಪಾಯಕಾರಿಯಲ್ಲ. ಆದರೆ ಎದೆಯ ಮೇಲೆ ಕೈಯಿಟ್ಟು ಅದನ್ನು ನಾನೇ ತೀರ್ಮಾನಿಸುವ ಹಾಗಿರಲಿಲ್ಲ. ಲಯ ತಪ್ಪುವುದೆಲ್ಲವೂ ನಿರಪಾಯವಲ್ಲ: ಏಟ್ರಿಯಲ್ ಫಿಬ್ರಿಲೇಶನ್ ಎಂಬ ಲಯದೋಷದಲ್ಲಿ ಹೃತ್ಕರ್ಣದಲ್ಲಿ (ಹೃದಯದ ಮೇಲಿನ ಕೋಣೆಯಲ್ಲಿ) ರಕ್ತ ಹೆಪ್ಪುಗಟ್ಟಿ, ಅದು ಮಿದುಳಿಗೆ ಸಾಗಿ ಪಾರ್ಶ್ವವಾಯು ತರಬಹುದು. ಆ ಅಪಾಯ ಇತರರಿಗಿಂತ ಸುಮಾರು ಐದು ಪಟ್ಟು ಹೆಚ್ಚು. ಅದಿರುವ ಎಷ್ಟೋ ಜನರಿಗೆ ಯಾವ ಲಕ್ಷಣವೂ ತಿಳಿಯುವುದಿಲ್ಲ, ಆದರೆ ಪತ್ತೆಯಾದರೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಗಳಿವೆ. ಹೆಸರಿಗೆ ಹೆದರಿ ದೂರವಿದ್ದರೆ ಈ ಮಾತ್ರೆಯೂ ದೂರವೇ ಉಳಿಯುತ್ತದೆ.

ಈಗಲೂ ನಿದ್ದೆಗೆಟ್ಟ ಮರುದಿನ ಬಡಿತ ತಪ್ಪುವುದುಂಟು. ನಾಡಿ ನೋಡಿ ಬರೆದಿಟ್ಟು ಕೆಲಸಕ್ಕೆ ತೊಡಗುತ್ತೇನೆ. ಶೀತದ ಕೆಲವು ಔಷಧಿಗಳು ಬಡಿತವನ್ನು ಏರಿಸುತ್ತವೆಯಾದ್ದರಿಂದ ಕೇಳದೆ ಅವುಗಳನ್ನು ತೆಗೆದುಕೊಳ್ಳುವುದಿಲ್ಲ. ಭಯ ಪೂರ್ತಿ ಹೋಗಿಲ್ಲ. ಮರುಪರೀಕ್ಷೆಗೆ ಬೆಳಗಿನ ಮೊದಲ ಸರದಿಯನ್ನೇ ಕೇಳಿ ಪಡೆಯುತ್ತೇನೆ, ಏಕೆಂದರೆ ಹೊರಗಿನ ಕುರ್ಚಿಯಲ್ಲಿ ಕಾದಷ್ಟೂ ನನ್ನ ಬಿಪಿ ಏರುತ್ತದೆ.