ಕೊಹೆಚಿ ದಾರಿಯಲ್ಲಿ ನಾಲ್ಕು ದಿನ

ನಮ್ಮ ಮನೆ ಇರುವುದು ಕೊಟ್ಟಿಗೆಹಾರದ ಹತ್ತಿರ. ಶಿವರಾತ್ರಿ ಬಂತೆಂದರೆ ಬೆಂಗಳೂರು, ಹಾಸನದ ಕಡೆಯಿಂದ ಧರ್ಮಸ್ಥಳಕ್ಕೆ ನಡೆದು ಹೋಗುವವರು ನಮ್ಮ ರಸ್ತೆಯಲ್ಲೇ ಸಾಗಿ ಚಾರ್ಮಾಡಿ ಘಾಟಿ ಇಳಿಯುತ್ತಾರೆ. ಅಪ್ಪ ಗೇಟಿನ ಮುಂದೆ ಬೆಂಚು ಹಾಕಿ, ಹಂಡೆ ತುಂಬ ಮಜ್ಜಿಗೆ ಇಟ್ಟುಕೊಂಡು ಕೂರುತ್ತಿದ್ದರು. ಲೋಟ ತೊಳೆಯುವ ಕೆಲಸ ನನ್ನದು. ಭಜನೆ, ಗದ್ದಲ, ಬೊಬ್ಬೆ ಬಂದ ಕಾಲಿಗೆ ಎಣ್ಣೆ ಹಚ್ಚುವವರು, ರಾತ್ರಿಯಿಡೀ ಟಾರ್ಚ್ ಬೆಳಕು. ಯಾತ್ರೆಗೆ ನಡೆಯುವುದು ಅಂದರೆ ನನಗೆ ಗೊತ್ತಿದ್ದದ್ದು ಇದೇ.

ಕೆಲಸಕ್ಕೆಂದು ಜಪಾನಿನ ಒಸಾಕಾಗೆ ಬಂದ ಮೇಲೆ ಕುಮಾನೊ ಕೊಡೊ ಬಗ್ಗೆ ಕೇಳಿದೆ. ಕೀ ಪರ್ಯಾಯ ದ್ವೀಪದ ಬೆಟ್ಟಗಳ ನಡುವೆ ಕುಮಾನೊ ದೇವಸ್ಥಾನಗಳಿಗೆ ಹೋಗುವ ಹಳೆಯ ಕಾಲುದಾರಿಗಳಿಗೆ ಒಟ್ಟಾಗಿ ಇರುವ ಹೆಸರು ಅದು. 2004ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು. ಜನ ಜಾಸ್ತಿ ಹೋಗುವುದು ನಕಾಹೆಚಿ ಎಂಬ ದಾರಿಯಲ್ಲಿ. ನಾನು ಆರಿಸಿಕೊಂಡದ್ದು ಕೊಹೆಚಿ. ಕೋಯಾಸಾನ್ ಎಂಬ ಬೌದ್ಧ ಕ್ಷೇತ್ರದಿಂದ ಕುಮಾನೊ ಹೊಂಗು ದೇವಸ್ಥಾನದವರೆಗೆ ಸುಮಾರು 70 ಕಿಲೋಮೀಟರ್. ಸಾವಿರ ಮೀಟರ್ ದಾಟಿದ ಮೂರು ಕಣಿವೆ, ಅಂದರೆ ಬೆಟ್ಟ ದಾಟುವ ಎತ್ತರದ ಜಾಗ, ಹತ್ತಿ ಇಳಿಯಬೇಕು. ಮಧ್ಯೆ ಅಂಗಡಿ ಇಲ್ಲ ಅಂತಲೇ ತಿಳಿದುಕೊಳ್ಳಿ.

ಅಪ್ಪನಿಗೆ ಫೋನ್ ಮಾಡಿದಾಗ, "ಒಬ್ಳೇ ಹೋಗ್ತೀಯೇನೇ? ಯಾರಾದ್ರೂ ಜೊತೆಗಿರ್ಬೇಕಿತ್ತು ಕಣೇ," ಅಂದರು. ಅವರು ಹೇಳಿದ್ದು ಸರಿಯಾಗಿತ್ತು. ನಮ್ಮಲ್ಲಿ ದಾರಿ ತೋರಿಸುವುದು, ಊಟ ಹಾಕುವುದು, ಕತ್ತಲಲ್ಲಿ ಧೈರ್ಯ ಹೇಳುವುದು ಎಲ್ಲವೂ ಜೊತೆಗೆ ನಡೆಯುವ ಜನರ ಪಾಲಿನ ಕೆಲಸ. ಕೊಹೆಚಿಯಲ್ಲಿ ಆ ಕೆಲಸವನ್ನೆಲ್ಲ ಹೊರಡುವ ಮೊದಲೇ ನಾವೇ ಮಾಡಿಟ್ಟುಕೊಳ್ಳಬೇಕು.

ಮೊದಲು ಮಾಡಬೇಕಾದದ್ದು ರಾತ್ರಿಗಳ ಲೆಕ್ಕ. ದಾರಿಯಲ್ಲಿ ತಂಗಬಹುದಾದ ಊರುಗಳು ಮೂರೇ: ಓಮಾತಾ, ಮಿಉರಾಗುಚಿ, ತೊತ್ಸುಕಾವಾ ಒನ್ಸೆನ್. ಮೊದಲ ಎರಡರಲ್ಲಿ ಮನೆಗಳೇ ಕಡಿಮೆ, ತಂಗುಮನೆ ಇನ್ನೂ ಕಡಿಮೆ. ಮಿಉರಾಗುಚಿಯಲ್ಲಿ ಜಾಗ ಸಿಕ್ಕಿದ ದಿನಾಂಕ ನೋಡಿ ಉಳಿದದ್ದನ್ನು ಅದರ ಸುತ್ತ ಹೊಂದಿಸಿದೆ. ನನಗೆ ಸಿಕ್ಕಿದ್ದು ನವೆಂಬರ್ ಮೊದಲ ವಾರ. ಚಳಿಗಾಲದಲ್ಲಿ ಕಣಿವೆಗಳಲ್ಲಿ ಹಿಮ ಬೀಳುತ್ತದೆ, ಮಳೆಗಾಲದಲ್ಲಿ ಮಣ್ಣು ಕುಸಿಯುತ್ತದೆ. ಹಾಗಾಗಿ ಶರತ್ಕಾಲ ಒಳ್ಳೆಯದು.

ನಾನು ಸಸ್ಯಾಹಾರಿ. ಜಪಾನಿನಲ್ಲಿ ಬರೀ "ಮಾಂಸ ಬೇಡ" ಅಂದರೆ ಸಾಲದು. ಸಾರಿಗೂ ಪಲ್ಯಕ್ಕೂ ಒಣಮೀನಿನ ರಸ ಸೇರಿರುತ್ತದೆ. ಕೋಣೆ ಕಾದಿರಿಸುವಾಗಲೇ ಜಪಾನಿ ಭಾಷೆಯಲ್ಲಿ ಬಿಡಿಸಿ ಬರೆದೆ: ಮೀನು, ಮಾಂಸ, ಮೀನಿನ ರಸ ಬೇಡ, ಕೊಂಬು ಎಂಬ ಕಡಲಪಾಚಿಯದ್ದೋ ಅಣಬೆಯದ್ದೋ ರಸವಾದರೆ ಆಗಬಹುದು. ಇದೊಂದು ಸಾಲು ನನ್ನನ್ನು ಮೂರು ರಾತ್ರಿ ಕಾಪಾಡಿತು. ಜೊತೆಗೆ ಅರ್ಧ ಕಿಲೋ ತೆಳು ಅವಲಕ್ಕಿ, ಚಟ್ನಿಪುಡಿ, ಸ್ವಲ್ಪ ಬೆಲ್ಲ. ಅವಲಕ್ಕಿಗಿಂತ ಒಳ್ಳೆಯ ಬುತ್ತಿ ಬೆಟ್ಟಕ್ಕೆ ಬೇರೆ ಇಲ್ಲ ಅಂತ ನಾನು ನಂಬಿದ್ದೇನೆ. ಒಂದು ಲೋಟ ಬಿಸಿನೀರು ಇದ್ದರೆ ಊಟ ಆಯಿತು. ಚೀಲದ ತೂಕ ಏಳು ಕಿಲೋ ದಾಟದಂತೆ ನೋಡಿಕೊಂಡೆ. ಎರಡು ಊರುಗೋಲು, ತಲೆಗೆ ಕಟ್ಟುವ ಟಾರ್ಚ್, ಮಳೆಕೋಟು, ನಗದು ಹಣ. ಆ ಕಾಡಿನಲ್ಲಿ ಕರಡಿಗಳಿವೆ, ಸದ್ದು ಕೇಳಿ ಅವು ದೂರ ಹೋಗಲೆಂದು ಚೀಲಕ್ಕೆ ಕಟ್ಟಿಕೊಳ್ಳಲು ಕಿಣಿಕಿಣಿ ಅನ್ನುವ ಪುಟ್ಟ ಗಂಟೆ.

ಒಸಾಕಾದ ನಂಬಾದಿಂದ ರೈಲು, ಆಮೇಲೆ ಬೆಟ್ಟ ಹತ್ತುವ ಕೇಬಲ್ ಕಾರು. ನಡಿಗೆಯ ಹಿಂದಿನ ರಾತ್ರಿ ಕೋಯಾಸಾನ್‌ನ ಒಂದು ಮಠದಲ್ಲಿ ಉಳಿದೆ. ಇಲ್ಲಿ ಸ್ವಲ್ಪ ನಿಂತು ಹೇಳಬೇಕು, ಯಾಕೆಂದರೆ ಅಲ್ಲಿ ನನಗೆ ಪರದೇಶ ಅನ್ನಿಸಲೇ ಇಲ್ಲ. ಈ ಕ್ಷೇತ್ರವನ್ನು 816ರಲ್ಲಿ ಶುರು ಮಾಡಿದ್ದು ಕೂಕಾಯ್ ಎಂಬ ಗುರು. ಅವರು 835ರಲ್ಲಿ ಸಮಾಧಿಗೆ ಕೂತರು, ಇನ್ನೂ ಧ್ಯಾನದಲ್ಲೇ ಇದ್ದಾರೆ ಎಂದು ಭಕ್ತರ ನಂಬಿಕೆ. ಇವತ್ತಿಗೂ ದಿನಕ್ಕೆ ಎರಡು ಹೊತ್ತು ಅವರಿಗೆ ಊಟ ಒಯ್ಯುತ್ತಾರೆ. ಬೆಳಗಿನ ಪೂಜೆಯಲ್ಲಿ ಬೆಂಕಿಗೆ ಆಹುತಿ ಕೊಡುವುದಕ್ಕೆ ಅವರು 'ಗೋಮಾ' ಅನ್ನುತ್ತಾರೆ, ನಮ್ಮ ಹೋಮವೇ. ಒಕುನೊಇನ್ ಸಮಾಧಿ ಕಾಡಿನಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಗೋರಿಗಳಿವೆ. ಅಲ್ಲಿ ಐದು ಅಂತಸ್ತಿನ ಕಲ್ಲುಗಳ ಮೇಲೆ ಭಾರತದಿಂದ ಹೋದ ಸಿದ್ಧಂ ಎಂಬ ಹಳೆಯ ಲಿಪಿಯ ಅಕ್ಷರಗಳನ್ನು ಕೊರೆದಿದ್ದಾರೆ. ಮಠದ ಒಬ್ಬ ಭಿಕ್ಷು ಓದಿ ಹೇಳಿದರು: ಕೆಳಗಿನಿಂದ ಅ, ವ, ರ, ಹ, ಖ. ಮಣ್ಣು, ನೀರು, ಬೆಂಕಿ, ಗಾಳಿ, ಆಕಾಶ. ಅವರ ಒಂದು ಧ್ಯಾನವೇ 'ಅ' ಅಕ್ಷರವನ್ನು ನೋಡುತ್ತಾ ಕೂರುವುದು. ಒಂದನೇ ಕ್ಲಾಸಿನಲ್ಲಿ ಸ್ಲೇಟಿನ ಮೇಲೆ ತಿದ್ದಿದ ಅದೇ 'ಅ'. ನನಗೆ ಮಾತು ಬರಲಿಲ್ಲ.

ಮೊದಲ ದಿನದ ಬಗ್ಗೆ ಹೇಳಲು ಹೆಚ್ಚೇನಿಲ್ಲ. ಸುಮಾರು 17 ಕಿಲೋಮೀಟರ್, ಅದರಲ್ಲಿ ಒಂದಷ್ಟು ಡಾಂಬರು ರಸ್ತೆ. ಉಳಿದದ್ದು ಜಾಸ್ತಿ ನೆಟ್ಟು ಬೆಳೆಸಿದ ಸುಗಿ, ಹಿನೊಕಿ ಮರಗಳ ತೋಪು. ಸಾಲು ಸಾಲು ಒಂದೇ ಜಾತಿಯ ಮರ, ಕೆಳಗೆ ಬೆಳಕಿಲ್ಲ, ಹಕ್ಕಿ ಕೂಗು ಕಡಿಮೆ. ನಮ್ಮ ಕಡೆ ಅಕೇಶಿಯಾ ತೋಪಿನೊಳಗೆ ಹೊಕ್ಕಾಗ ಆಗುವಂಥದ್ದೇ ಬೇಜಾರು. ಓಮಾತಾ ತಲುಪಿದಾಗ ತಂಗುಮನೆಯವರ ವ್ಯಾನು ಕಾದಿತ್ತು.

ತಪ್ಪು ಆದದ್ದು ಎರಡನೇ ದಿನ. ತಂಗುಮನೆಯಲ್ಲಿ ಬೆಳಗಿನ ಊಟ ಏಳೂವರೆಗೆ. ಬಿಟ್ಟು ಹೊರಡಲು ಮನಸ್ಸಾಗಲಿಲ್ಲ. ವ್ಯಾನಿನಲ್ಲಿ ಮತ್ತೆ ಓಮಾತಾಗೆ ಬಂದು ನಡೆಯಲು ಶುರು ಮಾಡುವಾಗ ಒಂಬತ್ತು ಗಂಟೆ. ಓಬಾಕೊ ಕಣಿವೆಯವರೆಗೆ ಬರೀ ಏರು. ದಾರಿಗೆ ಸ್ವಲ್ಪ ಪಕ್ಕದಲ್ಲಿ 1,344 ಮೀಟರಿನ ತುದಿ ಇದೆ, ಇಷ್ಟು ಬಂದು ನೋಡದೆ ಹೋಗುವುದು ಹೇಗೆ ಅಂತ ಅದನ್ನೂ ಹತ್ತಿದೆ. ಮೇಲೆ ಮಂಜು, ಏನೂ ಕಾಣಲಿಲ್ಲ. ಇಳಿಯುವಾಗ ಉಎನಿಷಿ ಎಂಬಲ್ಲಿ ಹಿಂದೆ ಯಾತ್ರಿಕರು ತಂಗುತ್ತಿದ್ದ ಮನೆಯ ಜಾಗ ಸಿಕ್ಕಿತು. ಈಗ ಅಲ್ಲಿ ಹುಲ್ಲು, ಕಲ್ಲು, ಒಂದು ಬೋರ್ಡು. ಕೂತು ಅವಲಕ್ಕಿ ತಿಂದೆ. ಗಡಿಯಾರ ನೋಡಿದರೆ ಎರಡೂವರೆ ದಾಟಿತ್ತು.

ನವೆಂಬರಿನಲ್ಲಿ ಅಲ್ಲಿ ಐದಕ್ಕೆ ಸೂರ್ಯ ಮುಳುಗುತ್ತಾನೆ. ಕಾಡಿನೊಳಗೆ ನಾಲ್ಕಕ್ಕೇ ಕಣ್ಣು ಮಸುಕು. ಕೊನೆಯ ಇಳಿಜಾರು ಕಲ್ಲು ಹಾಸಿದ್ದು, ಅದರ ಮೇಲೆ ಒದ್ದೆ ಎಲೆ. ಬೇಗ ಬೇಗ ಇಳಿಯಲು ಹೋಗಿ ಜಾರಿ ಬಿದ್ದೆ, ಎಡ ಮಣಿಕಟ್ಟು ಊದಿಕೊಂಡಿತು. ಟಾರ್ಚು ಚೀಲದ ತಳದಲ್ಲಿತ್ತು. ಎಲ್ಲ ಹೊರಗೆ ತೆಗೆದು ಹುಡುಕುವಾಗ ಕೈ ನಡುಗುತ್ತಿತ್ತು. ಫೋನಿಗೆ ಸಿಗ್ನಲ್ ಇಲ್ಲ. ಆ ಹೊತ್ತಿನಲ್ಲಿ ನಿಜವಾಗಿ ಹೆದರಿದೆ.

ಮಿಉರಾಗುಚಿಯ ಸೇತುವೆ ಹತ್ತಿರ ಒಂದು ಟಾರ್ಚ್ ಬೆಳಕು ಅಲ್ಲಾಡುತ್ತಿತ್ತು. ತಂಗುಮನೆಯ ಅಜ್ಜಿ. ಕತ್ತಲಾದರೂ ಬರಲಿಲ್ಲವಲ್ಲ ಅಂತ ಬಂದು ನಿಂತಿದ್ದರು. ಬೈಯಲಿಲ್ಲ. ಬಿಸಿನೀರಿನ ತೊಟ್ಟಿ ತೋರಿಸಿದರು, ಕೊಂಬು ರಸದಲ್ಲಿ ಮೂಲಂಗಿ, ತೋಫು ಬೇಯಿಸಿ ಬಡಿಸಿದರು, ಮಣಿಕಟ್ಟಿಗೆ ಪಟ್ಟಿ ಕಟ್ಟಿದರು. ಆಮೇಲೆ ಕೇಳಿದರು: "ನಾಳೆ ಎಷ್ಟು ಹೊತ್ತಿಗೆ ಹೊರಡ್ತೀರಿ?" ನಾನು ಏಳು ಅಂದೆ. "ಆರು," ಅಂದರು ಅವರು. "ಬೆಳಗಿನ ಊಟ ಕಟ್ಟಿಕೊಡ್ತೀನಿ. ದಾರಿಯಲ್ಲಿ ತಿನ್ನಿ."

ನೀವು ಹೋಗುವುದಾದರೆ ಇದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ಬೆಳಗಿನ ಊಟವನ್ನು ಹಿಂದಿನ ರಾತ್ರಿಯೇ ಬುತ್ತಿ ಮಾಡಿಸಿ. ಮಧ್ಯಾಹ್ನ ಮೂರಕ್ಕೆ ಊರು ತಲುಪುವ ಹಾಗೆ ಲೆಕ್ಕ ಹಾಕಿ. ಟಾರ್ಚು ಚೀಲದ ಮೇಲಿನ ಜೇಬಿನಲ್ಲಿರಲಿ. ಕಿಲೋಮೀಟರ್ ನೋಡಿ ಸಮಯ ಅಂದಾಜು ಮಾಡಬೇಡಿ. ಅಲ್ಲಿ ಗಂಟೆಗೆ ಎರಡು ಕಿಲೋಮೀಟರ್ ಆದರೂ ಅದು ಒಳ್ಳೆಯ ನಡಿಗೆಯೇ.

ಮೂರನೇ ದಿನ ಆರಕ್ಕೆ ಹೊರಟೆ. ಅಜ್ಜಿ ಕೊಟ್ಟದ್ದು ಮೆಹಾರಿಜುಶಿ, ಉಪ್ಪಿನಲ್ಲಿ ಹಾಕಿದ ಸಾಸಿವೆ ಜಾತಿಯ ಸೊಪ್ಪಿನಲ್ಲಿ ಸುತ್ತಿದ ಅನ್ನದ ಉಂಡೆ. ಮಿಉರಾ ಕಣಿವೆ ಹತ್ತುವಾಗ ಸಿಗುವ ಹಳೆಯ ಮನೆಯ ನೆಲೆಯಲ್ಲಿ ಕೂತು ತಿಂದೆ. ಅಲ್ಲಿ ಗಾಳಿ ತಡೆಯಲೆಂದು ಯಾವ ಕಾಲದಲ್ಲೋ ನೆಟ್ಟ ಸುಗಿ ಮರಗಳು ಇನ್ನೂ ನಿಂತಿವೆ. ಒಂದೊಂದರ ಬುಡ ತಬ್ಬಲು ಮೂರು ನಾಲ್ಕು ಜನ ಬೇಕು. ಮನೆ ಹೋಗಿದೆ, ಮನೆಗಾಗಿ ನೆಟ್ಟ ಮರ ಇದೆ.

ಆ ಇಡೀ ದಿನ ಬೆಟ್ಟದ ಮೇಲೆ ನನಗೆ ಒಬ್ಬರೂ ಸಿಗಲಿಲ್ಲ. ಮೊದಲೆರಡು ದಿನ ತಲೆಯೊಳಗೆ ಆಫೀಸಿನ ಮಾತು, ಯಾರಿಗೋ ಕೊಡಬೇಕಾದ ಉತ್ತರ, ಮನೆ ಬಾಡಿಗೆ ಎಲ್ಲ ಓಡುತ್ತಿತ್ತು. ಮಿಉರಾ ಕಣಿವೆ ದಾಟಿ ಇಳಿಯುವಾಗ ಯಾವಾಗಲೋ ಅದು ನಿಂತಿದೆ. ನಿಂತದ್ದು ನನಗೆ ಗೊತ್ತಾದದ್ದೇ ಆಮೇಲೆ. ಚೀಲದ ಗಂಟೆ, ಎಲ್ಲೋ ಕೆಳಗೆ ನೀರು, ನನ್ನ ಉಸಿರು. ಇಷ್ಟೇ ಕೇಳುತ್ತಿತ್ತು. ಇದಕ್ಕಾಗಿಯೇ ನಾನು ಮತ್ತೆ ಈ ದಾರಿಗೆ ಬರುತ್ತೇನೆ.

ಕೆಳಗೆ ಬಂದ ಮೇಲೆ ಹೊಳೆಯ ಪಕ್ಕದ ಡಾಂಬರು ರಸ್ತೆ ಉದ್ದ ಇದೆ, ಪಾದ ಉರಿಯುತ್ತದೆ. ತೊತ್ಸುಕಾವಾದ ಬಿಸಿನೀರಿನ ಬುಗ್ಗೆ ಅದನ್ನು ಮರೆಸಿತು. ಈ ಊರಿನವರು ಹಿಂದೆ ಹೊಳೆ ದಾಟಲು ಬಳಸುತ್ತಿದ್ದ 'ಯಾಎನ್' ಇನ್ನೂ ಇದೆ. ತಂತಿಗೆ ನೇತುಹಾಕಿದ ತೊಟ್ಟಿಲಿನಂಥದ್ದು, ಒಳಗೆ ಕೂತು ಹಗ್ಗ ಎಳೆದುಕೊಂಡು ಆಚೆ ದಡಕ್ಕೆ ಹೋಗುವುದು. ಮಣಿಕಟ್ಟು ನೋಯುತ್ತಿದ್ದರಿಂದ ನಾನು ನೋಡಿದ್ದಷ್ಟೇ.

ನಾಲ್ಕನೇ ದಿನ ಹತೆನಾಶಿ. 'ಕೊನೆಯಿಲ್ಲದ್ದು' ಎಂದು ಅರ್ಥ. ತೊತ್ಸುಕಾವಾದಿಂದ ಕಣಿವೆಗೆ ಸುಮಾರು 900 ಮೀಟರ್ ಏರು, ಪಾಚಿ ಕಟ್ಟಿದ ಕಲ್ಲಿನ ದಾರಿ. ಅರ್ಧ ಗಂಟೆ ಹತ್ತಿದರೆ ಬೆಟ್ಟದ ಏಣಿನ ಮೇಲೆ ಹತೆನಾಶಿ ಎಂಬ ಪುಟ್ಟ ಹಳ್ಳಿ. ಯಾತ್ರೆಯ ದಾರಿ ಮನೆಗಳ ಅಂಗಳದಲ್ಲೇ ಹಾದು ಹೋಗುತ್ತದೆ. ಒಂದು ಮನೆಯ ಮುಂದೆ ಮರದ ದಿಮ್ಮಿ ಕೊರೆದು ಮಾಡಿದ ತೊಟ್ಟಿಗೆ ಬೆಟ್ಟದ ನೀರು ಬೀಳುತ್ತಿತ್ತು, ನಡೆಯುವವರಿಗಾಗಿ ಇಟ್ಟದ್ದು. ಪಕ್ಕದಲ್ಲಿ ಒಂದು ಚೀಲ ಕಿತ್ತಳೆ, ಹಣ ಹಾಕಲು ಡಬ್ಬಿ. ಯಾರೂ ಇರಲಿಲ್ಲ. ನೂರು ಯೆನ್ ಹಾಕಿ ಚೀಲ ತೆಗೆದುಕೊಂಡೆ.

ಹತೆನಾಶಿ ದಾರಿಯುದ್ದಕ್ಕೂ ಕನ್ನೊನ್ ದೇವತೆಯ 33 ಕಲ್ಲಿನ ಮೂರ್ತಿಗಳಿವೆ. ಕನ್ನೊನ್ ಅಂದರೆ ಅವಲೋಕಿತೇಶ್ವರ, ಬೌದ್ಧರ ಕರುಣೆಯ ಬೋಧಿಸತ್ವ. ಮಂಗಳೂರಿನ ಕದ್ರಿ ದೇವಸ್ಥಾನದಲ್ಲಿ ಲೋಕೇಶ್ವರನ ಕಂಚಿನ ಮೂರ್ತಿ ಇದೆಯಲ್ಲ, 968ರ ಆಳುಪರ ಕಾಲದ್ದು, ಅದೇ ದೇವರು. ಚಿಕ್ಕವಳಿದ್ದಾಗ ಅಪ್ಪ ತೋರಿಸಿದ್ದರು. ಮೂರ್ತಿಗಳ ಸಂಖ್ಯೆ ಹೊಂಗು ಕಡೆಯಿಂದ ಶುರುವಾಗುತ್ತದೆ, ಹಾಗಾಗಿ ನನಗೆ ಮೂವತ್ಮೂರರಿಂದ ಹಿಂದಕ್ಕೆ ಸಿಕ್ಕವು. ಕಣಿವೆಯ ತುದಿಯಲ್ಲಿ ಹದಿನೇಳು. ಕಾಲು ಸೋತಾಗ ಇನ್ನೆಷ್ಟು ದೂರ ಅಂತ ಯೋಚಿಸುವ ಬದಲು ಮುಂದಿನ ಮೂರ್ತಿಯವರೆಗೆ ಮಾತ್ರ ನಡೆದೆ. ಪ್ರತಿಯೊಂದಕ್ಕೂ ಕೈ ಮುಗಿದೆ. ಒಂದನೆಯದು ಸಿಕ್ಕಾಗ ಯಾಗಿಯೊ ಊರಿನ ಛಾವಣಿಗಳು ಕೆಳಗೇ ಇದ್ದವು.

ಅಲ್ಲಿಂದ ಸ್ವಲ್ಪ ದೂರ ರಸ್ತೆ, ಆಮೇಲೆ ನಕಾಹೆಚಿ ದಾರಿ ಬಂದು ಸೇರುತ್ತದೆ. ಥಟ್ಟನೆ ಜನ. ನಾಲ್ಕು ದಿನದ ಮೇಲೆ ಅಷ್ಟು ಮಾತು ಕೇಳಿ ಕಿವಿ ತುಂಬಿತು. ಹೊಂಗು ದೇವಸ್ಥಾನ ಮೊದಲು ಇದ್ದದ್ದು ಈಗಿನ ಗುಡ್ಡದ ಮೇಲಲ್ಲ, ಹೊಳೆಯ ನಡುವಿನ ಮರಳ ದಿಣ್ಣೆಯಲ್ಲಿ. 1889ರ ನೆರೆಯಲ್ಲಿ ಕೊಚ್ಚಿಹೋದ ಮೇಲೆ ಉಳಿದದ್ದನ್ನು ಮೇಲಕ್ಕೆ ತಂದರು. ಅದೇ ನೆರೆಗೆ ತೊತ್ಸುಕಾವಾದ ಬೆಟ್ಟಗಳು ಕುಸಿದವು. ಸುಮಾರು 2,500 ಮಂದಿ ಊರು ಬಿಟ್ಟು ಉತ್ತರದ ಹೊಕ್ಕೈಡೊಗೆ ಹೋಗಿ ಹೊಸ ತೊತ್ಸುಕಾವಾ ಕಟ್ಟಿಕೊಂಡರು. 2019ರ ಆಗಸ್ಟ್‌ನಲ್ಲಿ ನಮ್ಮ ಮೂಡಿಗೆರೆ ಕಡೆ ಗುಡ್ಡ ಜರಿದದ್ದನ್ನು ಕಂಡವರಿಗೆ ಈ ಸುದ್ದಿ ಹಳೆಯದು ಅನ್ನಿಸುವುದಿಲ್ಲ. ಹಳೆಯ ಜಾಗದಲ್ಲಿ ಈಗ ಸುಮಾರು 34 ಮೀಟರ್ ಎತ್ತರದ 'ತೋರಿ', ಅಂದರೆ ದೇವಸ್ಥಾನದ ಹೆಬ್ಬಾಗಿಲು, ನಿಂತಿದೆ. ಒಳಗೆ ಬರೀ ಹುಲ್ಲು, ದೊಡ್ಡ ಮರಗಳು. ಗುಡಿಗಿಂತ ಅಲ್ಲೇ ನಾನು ಹೆಚ್ಚು ಹೊತ್ತು ಕೂತೆ.

ಅಲ್ಲಿಂದ ಅಪ್ಪನಿಗೆ ಫೋನ್ ಮಾಡಿದೆ. ಕಾಲು ಹೇಗಿದೆ ಅಂತ ಕೇಳಿದರು, ಕೈ ಬಗ್ಗೆ ನಾನು ಹೇಳಲಿಲ್ಲ. ಆಮೇಲೆ, "ದಾರೀಲಿ ಯಾರಾದ್ರೂ ಏನಾದ್ರೂ ಕೊಟ್ರಾ?" ಅಂದರು. ಅಜ್ಜಿಯ ಬುತ್ತಿ, ದಿಮ್ಮಿಯ ತೊಟ್ಟಿ, ಕಿತ್ತಳೆ ಎಲ್ಲ ಹೇಳಿದೆ.

"ತೊಟ್ಟಿ ಯಾವ ಮರದ್ದು?" ಅಂದರು ಅಪ್ಪ. "ಫೋಟೊ ಕಳ್ಸು. ಶಿವರಾತ್ರಿಗೆ ಗೇಟಿನ ಹತ್ರ ಹಂಗೇ ಒಂದು ಮಾಡ್ಸಬಹುದು."